ಎರಡು ಸೊನ್ನೆ, ನಡುವೆ ಒಂದು ಗೆರೆ

ಮಕ್ಕಳೇ, ಕಳೆದ ತಿಂಗಳು ನಿಮ್ಮಲ್ಲಿ ದೊಡ್ಡವಳು ಚದುರಂಗದ ಹಲಗೆ ತಂದು ನನ್ನ ಮಂಚದ ಮೇಲೆ ಹರಡಿದಳು. ಕಾಯಿ ಜೋಡಿಸುತ್ತ ಅಜ್ಜನ ಕಥೆ ಹೇಳಿದಳು. ಅಜ್ಜ ರಶಿಯಾದ ಗ್ರ್ಯಾಂಡ್‌ಮಾಸ್ಟರ್ ಒಬ್ಬನ ಆಟದಲ್ಲಿ ತಪ್ಪು ಹಿಡಿದು ಮುಂಬೈಯ ಪತ್ರಿಕೆಗೆ ಬರೆದಿದ್ದರಂತೆ, ಪತ್ರಿಕೆಯವರು ತಪ್ಪು ಒಪ್ಪಿಕೊಂಡು ಉತ್ತರ ಕಳಿಸಿದ್ದರಂತೆ. ನನ್ನ ಬಾಯಲ್ಲಿ ಚಹಾ ಇತ್ತು. ಬಚ್ಚಲಿಗೆ ಹೋಗಿ ಉಗಿದು ಬಂದೆ. ಅಜ್ಜಿಗೆ ಪಿತ್ತ ಎಂದು ನೀವು ಲಿಂಬೆಹಣ್ಣಿನ ಪಾನಕ ಮಾಡಿಕೊಟ್ಟಿರಿ. ಪಿತ್ತವಾಗಿರಲಿಲ್ಲ. ಆ ಕಥೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಹೀಗೇ ಆಗುತ್ತದೆ. ಎದುರಿಗೆ ಕೂತು ಹೇಳುವ ಧೈರ್ಯ ನನಗೆ ಯಾವಾಗಲೂ ಇರಲಿಲ್ಲ, ಈಗಲೂ ಇಲ್ಲ. ಬರೆದಿಡುತ್ತೇನೆ, ಓದಿಕೊಳ್ಳಿ.

ನಾನು ಶಿರಾಲಿಯವಳು. ಊರಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದೆ. ಮದುವೆಯಾಗಿ ಹೊನ್ನಾವರಕ್ಕೆ ಬಂದಾಗ ನಮ್ಮ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರಿಗೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ಶರಾವತಿಗೆ ಆಗ ಸೇತುವೆ ಇರಲಿಲ್ಲ, ದಿಬ್ಬಣ ಮಚವೆ ದೋಣಿಯಲ್ಲಿ ಹೊಳೆ ದಾಟಿತು. ನಿಮ್ಮ ಅಜ್ಜ ಕಚೇರಿಯಲ್ಲಿ ಕಾರಕೂನರು, ಎಂದರೆ ಗುಮಾಸ್ತರು. ಅತ್ತೆ ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅವರು, ನಾನು, ಅವರ ತಂಗಿ, ಇಷ್ಟೇ ಜನ. ಆ ತಂಗಿಯೇ ನಿಮಗೆಲ್ಲ ಫ್ರಾಕು ಹೊಲಿದುಕೊಟ್ಟ ಸಣ್ಣಜ್ಜಿ. ಆಗ ಅವಳಿಗೆ ಇಪ್ಪತ್ತು. ನನಗಿಂತ ಒಂದು ವರ್ಷ ಸಣ್ಣವಳು, ನನಗಿಂತ ಮೂರು ಇಯತ್ತೆ ಹೆಚ್ಚು ಓದಿದವಳು. ನನಗೆ ಮಾತು ಹೊರಡದ ಕಡೆಯಲ್ಲೆಲ್ಲ ನನ್ನ ಪರವಾಗಿ ಅವಳೇ ಮಾತಾಡುತ್ತಿದ್ದಳು. ಬಳೆಗಾರ ಬಂದರೆ ನಾನು ಬಾಗಿಲ ಹಿಂದೆ ನಿಂತು ಅವಳ ಕಿವಿಯಲ್ಲಿ ಹೇಳುವುದು, ಅವಳು ಹೊರಗೆ ಹೋಗಿ, ಅತ್ತಿಗೆಗೆ ಹಸಿರು ಬೇಕಂತೆ, ಕೆಂಪು ಬೇಡವಂತೆ ಎನ್ನುವುದು.

ನಮ್ಮ ಜಗಲಿಯ ಮೇಲೆ ಸಂಜೆ ಹೊತ್ತು, ರವಿವಾರವಾದರೆ ಮಧ್ಯಾಹ್ನದಿಂದಲೇ, ಮೂವರು ಗಂಡಸರು ಬುದ್ಧಿಬಲ ಆಡುತ್ತಿದ್ದರು. ಚದುರಂಗಕ್ಕೆ ನಮ್ಮಲ್ಲಿ ಆಗ ಹಾಗೆ ಹೇಳುತ್ತಿದ್ದರು. ಒಬ್ಬರು ನಿಮ್ಮ ಅಜ್ಜ. ಇನ್ನೊಬ್ಬರು ಜವಳಿ ಅಂಗಡಿಯವರು. ಮತ್ತೊಬ್ಬರು ಪೆನ್ಶನ್ ಆದ ಶಾಲೆ ಮಾಸ್ತರರು. ಮೂವರ ಬಾಯಲ್ಲೂ ಯಾವಾಗಲೂ ಕವಳ, ಎಂದರೆ ಎಲೆಅಡಿಕೆ. ಪೀಕದಾನಿ ಇಟ್ಟರೂ ಅದರೊಳಗೆ ಉಗಿಯುವಷ್ಟು ತಾಳ್ಮೆ ಆಟದ ನಡುವೆ ಅವರಿಗೆ ಇರುತ್ತಿರಲಿಲ್ಲ. ಕೂತಲ್ಲಿಂದಲೇ ಕತ್ತು ಚಾಚಿ ಅಂಗಳಕ್ಕೆ ಉಗಿಯುವುದು. ಜಗಲಿಯ ಅಂಚು, ಕೆಳಗಿನ ದಾಸವಾಳದ ಎಲೆ, ಮೆಟ್ಟಿಲು ಎಲ್ಲ ಕೆಂಪು. ಬೆಳಿಗ್ಗೆ ಎದ್ದು ಮೊದಲು ನಾನು ಮಾಡುವ ಕೆಲಸ ಅದನ್ನು ತೊಳೆಯುವುದು, ಆಮೇಲೆ ಪೀಕದಾನಿಯನ್ನು ಬೂದಿ ಹಾಕಿ ತಿಕ್ಕುವುದು. ಜವಳಿ ಅಂಗಡಿಯವರು ಯೋಚನೆ ಮಾಡುವಾಗ ಬೆಂಕಿಕಡ್ಡಿಯಿಂದ ಕಿವಿ ಕೆದಕಿ, ಕಡ್ಡಿಯನ್ನು ನೋಡಿ, ಅದೇ ಬೆರಳಿನಿಂದ ಮಂತ್ರಿಯನ್ನು ಎತ್ತುತ್ತಿದ್ದರು. ಗುಡಿಗಾರರು ಕೊರೆದುಕೊಟ್ಟ ಒಳ್ಳೆಯ ಮರದ ಕಾಯಿಗಳು ಅವು. ನಾನು ಅವನ್ನು ವಾರಕ್ಕೊಮ್ಮೆ ಸೀಗೆಪುಡಿ ಹಾಕಿ ತೊಳೆಯುತ್ತಿದ್ದೆ. ನಿಮ್ಮ ಅಜ್ಜನಿಗೆ ಅದು ಗೊತ್ತಿದ್ದರೆ ಬೈಯುತ್ತಿದ್ದರು, ಬಣ್ಣ ಹೋಗುತ್ತದೆ ಎಂದು.

ಅವರು ಆಡುತ್ತಿದ್ದದ್ದು ನಮ್ಮ ಊರ ಕ್ರಮದ ಆಟ. ಈಗ ನೀವು ಆಡುವ ಕ್ರಮಕ್ಕೂ ಅದಕ್ಕೂ ವ್ಯತ್ಯಾಸವಿದೆ. ಅದರಲ್ಲಿ ಪ್ಯಾದೆ, ಎಂದರೆ ಕಾಲಾಳು, ಯಾವಾಗಲೂ ಒಂದೇ ಮನೆ ಮುಂದೆ ಹೋಗುವುದು. ರಾಜನಿಗೆ ಅಲ್ಲಿಯವರೆಗೆ ಯಾರೂ ಶಹ, ಎಂದರೆ ಚೆಕ್, ಕೊಡದೇ ಇದ್ದರೆ ಇಡೀ ಆಟದಲ್ಲಿ ಒಂದು ಸಲ ಮಾತ್ರ ಅವನು ಕುದುರೆಯ ಹಾಗೆ ಹಾರಬಹುದು. ಅವರ ಅಪ್ಪಂದಿರೂ ಹಾಗೇ ಆಡಿದವರು. ಬೇರೆ ಕಡೆ ಬೇರೆ ಕ್ರಮ ಇರಬಹುದು ಎಂಬುದು ಆ ಮೂವರ ತಲೆಗೆ ಹೋಗಿರಲಿಲ್ಲ.

ಕಚೇರಿಯ ಸಾಹೇಬರ ಮನೆಗೆ ಮುಂಬೈಯ ಇಂಗ್ಲಿಷ್ ಪತ್ರಿಕೆ ಎರಡು ದಿನ ತಡವಾಗಿ ಬರುತ್ತಿತ್ತು. ವಾರಕ್ಕೊಮ್ಮೆ ಅದರಲ್ಲಿ ಯಾರೋ ದೊಡ್ಡ ಆಟಗಾರರ ಆಟವನ್ನು ನಡೆ ನಡೆಯಾಗಿ ಅಚ್ಚು ಹಾಕುತ್ತಿದ್ದರು. ನಿಮ್ಮ ಅಜ್ಜ ಅದನ್ನು ಕತ್ತರಿಸಿ ತರತೊಡಗಿದರು. ಮ್ಯಾಟ್ರಿಕ್ ಇಂಗ್ಲಿಷಿನಿಂದ ಅಕ್ಷರಗಳ ಗುಟ್ಟು ಬಿಡಿಸಿದ್ದು ಅವರೇ, ಅದನ್ನು ನಾನು ಕಸಿದುಕೊಳ್ಳುವುದಿಲ್ಲ. ಪಿ ಎಂದರೆ ಪ್ಯಾದೆ, ಕೆ ಎಂದರೆ ರಾಜ, ಕ್ಯೂ ಮಂತ್ರಿ, ಬಿ ಒಂಟೆ, ಆರ್ ಆನೆ, ಕೆ ಟಿ ಕುದುರೆ. ಹಲಗೆಯ ಮೇಲಿನ ಪ್ರತಿ ಓಣಿಗೂ ಅದರ ಬುಡದಲ್ಲಿ ಕೂತ ಕಾಯಿಯ ಹೆಸರು, ಮುಂದೆ ಎಷ್ಟನೆಯ ಮನೆ ಎಂಬ ಅಂಕಿ. ಪಿ ಕೆ ನಾಲ್ಕು ಎಂದರೆ ಪ್ಯಾದೆ ರಾಜನ ಓಣಿಯಲ್ಲಿ ನಾಲ್ಕನೆಯ ಮನೆಗೆ. ಪ್ಯಾದೆ ಒಮ್ಮೆಲೇ ಎರಡು ಮನೆ ಹೋದದ್ದನ್ನು ಮೂವರೂ ಸ್ವಲ್ಪ ಗೊಣಗಿ, ಇಂಗ್ಲಿಷರಿಗೆ ಅವಸರ ಎಂದು ಒಪ್ಪಿಕೊಂಡರು.

ಅವರಿಗೆ ಕಾಯಿ ನಡೆಸಿ ವಾದ ಮಾಡುವುದಕ್ಕೆ ಕೈ ಬೇಕು, ಬಾಯಿ ಬೇಕು. ಓದಿ ಹೇಳುವುದಕ್ಕೆ ಒಬ್ಬರು ಬೇಕಾಯಿತು. ತಂಗಿಯನ್ನು ಕೂರಿಸಿದರೆ ಮದುವೆಯಾಗದ ಹುಡುಗಿಯ ದನಿ ಜಗಲಿಗೆ ಕೇಳುತ್ತದೆ. ಆದ್ದರಿಂದ ನನಗೆ ಆ ಅಕ್ಷರಗಳನ್ನು ಕಲಿಸಿದರು. ಜಗಲಿಯಿಂದ ಒಳಗೆ ಬರುವ ಬಾಗಿಲನ್ನು ಅರ್ಧ ಮುಚ್ಚಿ, ಅದರ ಹಿಂದೆ ಮಣೆ ಹಾಕಿಕೊಂಡು ನಾನು ಕೂರುವುದು. ಒಂದು ನಡೆ ಓದುವುದು, ಅವರು ಸಾಕು ಎನ್ನುವವರೆಗೆ ಸುಮ್ಮನಿರುವುದು. ಆ ಇಬ್ಬರೂ ಗಂಡಸರು ನನ್ನ ಮುಖ ಸರಿಯಾಗಿ ನೋಡಿದ್ದು ಇಲ್ಲ, ದನಿ ಮಾತ್ರ ಗೊತ್ತಿತ್ತು.

ಅದು ಎರಡನೆಯ ವರ್ಷದ ಮಳೆಗಾಲ ಮುಗಿಯುವ ಹೊತ್ತು. ಆ ವಾರದ ಆಟ ಇಬ್ಬರು ಗ್ರ್ಯಾಂಡ್‌ಮಾಸ್ಟರುಗಳದ್ದು. ಬಿಳಿಯವನು ರಶಿಯಾದವನು, ಗೆದ್ದವನೂ ಅವನೇ. ಮೊದಲನೆಯ ನಡೆ ಓದಿದೆ. ಬಿಳಿಯ ಪ್ಯಾದೆ, ಕರಿಯ ಪ್ಯಾದೆ, ಎದುರಾಬದುರು ನಿಂತವು. ಎರಡನೆಯದಕ್ಕೆ ಎರಡೂ ಕಡೆ ಕುದುರೆ ಹೊರಟವು. ಮೂರನೆಯದಕ್ಕೆ ಬಿಳಿಯ ಒಂಟೆ ಬಂದು ಕರಿಯ ಕುದುರೆಯನ್ನು ಕೆಣಕಿತು, ಕರಿಯ ಮೂಲೆಯ ಪ್ಯಾದೆ ಅದನ್ನು ಹಚಾ ಎಂದಿತು. ನಾಲ್ಕಕ್ಕೆ ಒಂಟೆ ಹಿಂದೆ ಸರಿಯಿತು. ಒಂದೊಂದು ನಡೆಗೂ ಜಗಲಿಯ ಮೇಲೆ ಅರ್ಧ ಅರ್ಧ ತಾಸು ವಾದ. ಐದನೆಯ ನಡೆಗೆ ನಾನು ನಿಂತೆ. ಅಲ್ಲಿ ಅಕ್ಷರವೇ ಇರಲಿಲ್ಲ. ಎರಡು ಸೊನ್ನೆ, ನಡುವೆ ಒಂದು ಗೆರೆ.

ಪತ್ರಿಕೆಯಿಂದ ಕತ್ತರಿಸಿದ ಆ ಚೀಟಿಯನ್ನು ಬಾಗಿಲ ಸಂದಿಯಿಂದ ಹೊರಗೆ ಕೊಟ್ಟೆ. ಅಚ್ಚಿನ ಮೊಳೆ ಬಿದ್ದಿರಬೇಕು ಎಂದರು ಜವಳಿ ಅಂಗಡಿಯವರು. ನಡೆ ಬಿಟ್ಟುಕೊಟ್ಟಿದ್ದಾನೆ, ಸೊನ್ನೆ ಎಂದರೆ ಏನೂ ಇಲ್ಲ ಎಂದರು ಮಾಸ್ತರರು. ನಿಮ್ಮ ಅಜ್ಜ ಕವಳವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ತಳ್ಳಿ, ಇದು ರಾಜನ ಕುದುರೆ ಹಾರಿಕೆ ಎಂದು ತೀರ್ಪು ಕೊಟ್ಟರು. ಸೊನ್ನೆಯಿಂದ ಸೊನ್ನೆಗೆ ಗೆರೆ, ಅದೇ ಹಾರುವುದು. ರಾಜ ಕುದುರೆಯ ಹಾಗೆ ಹಾರಬಹುದಾದ ನಾಲ್ಕು ಮನೆಗಳಲ್ಲಿ ಮೂರರಲ್ಲಿ ಅವನದೇ ಕಾಯಿಗಳು ಕೂತಿದ್ದವು. ಖಾಲಿ ಇದ್ದದ್ದು ಒಂದೇ, ಮಂತ್ರಿಯ ಪ್ಯಾದೆಯ ನೇರ ಮುಂದಿನ ಮನೆ. ರಾಜನನ್ನು ಎತ್ತಿ ಅಲ್ಲಿ ಇಟ್ಟರು. ಮನೆಯ ಯಜಮಾನನನ್ನು ಅಂಗಳಕ್ಕೆ ದೂಡಿ ಬಾಗಿಲು ಹಾಕಿಕೊಂಡ ಹಾಗೆ ಕಂಡಿತು ನನಗೆ. ಐದನೆಯ ನಡೆಗೇ ಯಾರಾದರೂ ಹಾಗೆ ಮಾಡುತ್ತಾರೆಯೇ? ಕರಿಯ ಕುದುರೆ ಒಂದು ಹಾರು ಹಾರಿದರೆ ಶಹ. ಜಗಲಿಯ ಮೇಲೆ ಮಾತ್ರ ಮೂವರೂ ತಲೆದೂಗಿದರು. ಎಂತಹ ಗುಂಡಿಗೆ ನೋಡಿ, ಅದಕ್ಕೇ ಅವನು ಗ್ರ್ಯಾಂಡ್‌ಮಾಸ್ಟರ್ ಎಂದರು. ಆ ಹಾರಿಕೆಯ ಹಿಂದಿನ ಯೋಚನೆ ಏನು ಎಂದು ಎರಡು ಸಂಜೆ ಮಾತಾಡಿದರು. ಏನೂ ಇಲ್ಲದ ಕಡೆ ಅಷ್ಟು ಆಳ ಕಂಡವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಆರನೆಯದು, ಬಿಳಿಯ ಆನೆ ರಾಜನ ಮನೆಗೆ. ರಾಜ ಎದ್ದುಹೋದದ್ದರಿಂದ ಮನೆ ಖಾಲಿ ಇತ್ತು, ಆನೆ ಸಲೀಸಾಗಿ ಬಂತು. ನಿಮ್ಮ ಅಜ್ಜ ತೊಡೆ ತಟ್ಟಿದರು. ಏಳನೆಯದೂ ಸರಿಯಾಯಿತು. ಎಂಟನೆಯದರಲ್ಲಿ ಕರಿಯವನದೂ ಎರಡು ಸೊನ್ನೆ. ಈಗ ಕರಿಯ ರಾಜ ಎಲ್ಲಿ ಹಾರಬೇಕು? ನಾಲ್ಕು ಮನೆಗಳಲ್ಲೂ ಅವನದೇ ಕಾಯಿ. ಮಾಸ್ತರರು, ಹಾರಲು ಹೋಗಿ ಜಾಗ ಸಿಗದೆ ಕೂತುಬಿಟ್ಟ ಎಂದರು. ಅದನ್ನೂ ಒಪ್ಪಿದರು. ಹನ್ನೊಂದನೆಯ ನಡೆಗೆ ಬಿಳಿಯ ಮಂತ್ರಿಯ ಪ್ಯಾದೆ ಎರಡು ಮನೆ ಮುಂದೆ ಹೋಗಬೇಕು. ಅದರ ಎದುರಿಗೇ ಸ್ವಂತ ರಾಜ ಕೂತಿದ್ದಾನೆ. ಪ್ಯಾದೆ ತನ್ನ ರಾಜನ ತಲೆ ಮೇಲಿಂದ ಹಾರಬೇಕು. ನಿಮ್ಮ ಅಜ್ಜ ನಿಧಾನವಾಗಿ ಎದ್ದು, ಬಾಯಿ ಖಾಲಿ ಮಾಡಿ ಬಂದು, ಇದು ಮೋಸದ ಆಟ, ಇಬ್ಬರೂ ಸೇರಿ ಮಾಡಿದ್ದು, ಪತ್ರಿಕೆಯವರು ನೋಡದೆ ಹಾಕಿದ್ದಾರೆ ಎಂದು ಹೇಳಿದರು. ಮರುದಿನದಿಂದ ಕಚೇರಿಯಲ್ಲಿ, ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ, ಎಲ್ಲ ಕಡೆ ಇದೇ ಸುದ್ದಿ. ಪತ್ರಿಕೆಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಕೂತರು.

ಈ ಹೊತ್ತಿನಲ್ಲೇ ಸಣ್ಣಜ್ಜಿಗೆ ಒಂದು ಸಂಬಂಧ ಬಂದದ್ದು. ಹುಡುಗ ಕುಮಟೆಯ ಹೈಸ್ಕೂಲಿನಲ್ಲಿ ಮಾಸ್ತರ. ಅಲ್ಲಿಯ ಒಂದು ಮದುವೆಯಲ್ಲಿ ಅವಳನ್ನು ನೋಡಿ ತಾನಾಗಿಯೇ ತನ್ನ ಸೋದರಮಾವನ ಕೈಲಿ ಹೇಳಿಸಿದ್ದ. ಅವಳೂ ನೋಡಿದ್ದಳು. ಊಟದ ಹಂತಿಗೆ ಬಡಿಸುವಾಗ ಇವಳು ಸಾರು ಚೆಲ್ಲಿದ್ದಕ್ಕೆ ಯಾರೋ ಬೈದರೆ, ನನ್ನ ಎಲೆಗೇ ಸಾಕಷ್ಟು ಬಂತು ಬಿಡಿ ಎಂದು ನಗಿಸಿದವನಂತೆ. ಅಷ್ಟೇ. ಆದರೆ ಅದನ್ನು ಅವಳು ನನಗೆ ಹತ್ತು ಸಲ ಹೇಳಿದ್ದಳು. ಅದಕ್ಕೆ ಮೊದಲು ಮೂರು ಸಂಬಂಧ ಬಂದು ಹೋಗಿದ್ದವು. ಭಟ್ಟರು ಜಾತಕ ನೋಡಿ ಕೂಡುತ್ತದೆ ಎಂದರು. ರವಿವಾರ ನೋಡಲು ಬರುವುದು ಎಂದಾಯಿತು. ಅಣ್ಣ ಹೂಂ ಎನ್ನುವುದೊಂದೇ ಬಾಕಿ. ಅಪ್ಪ ಇಲ್ಲದ ಹುಡುಗಿಗೆ ಅಣ್ಣನ ಹೂಂ ಎಂದರೆ ಎಲ್ಲವೂ.

ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇರುತ್ತಿದ್ದೆವು. ಹಲಗೆ ಜಗಲಿಯ ಮೇಲೆ ಮೊರ ಮುಚ್ಚಿಕೊಂಡು ಹಾಗೇ ಇರುತ್ತಿತ್ತು. ಒಂದು ದಿನ ನಾನು ಚೀಟಿ ಹಿಡಿದು ಕೆಳಗಿನ ಸಾಲುಗಳನ್ನು ಓದುತ್ತ ಕೂತೆ. ಗಂಡಸರು ಹನ್ನೊಂದಕ್ಕೇ ನಿಂತಿದ್ದರು, ಆಟ ನಲವತ್ತರವರೆಗೆ ಇತ್ತು. ಇಪ್ಪತ್ತೊಂದನೆಯದರಲ್ಲಿ ಕರಿಯ ರಾಜ ಮೂಲೆಯ ಮನೆಗೆ ಹೋಗುತ್ತಾನೆ. ಮೂಲೆ ಎಂದರೆ ಆನೆಯ ಮನೆ. ರಾಜ ನಡೆಯುವುದು ಒಂದೇ ಮನೆ. ಅಂದರೆ ಅದಕ್ಕೆ ಮೊದಲೇ ಅವನು ಮೂಲೆಯ ಪಕ್ಕದಲ್ಲಿ ಇರಬೇಕು. ಅವನು ಅಲ್ಲಿಗೆ ಹೋದದ್ದು ಯಾವಾಗ? ಎರಡು ಸೊನ್ನೆ ಬಿಟ್ಟರೆ ರಾಜನ ಬೇರೆ ನಡೆಯೇ ಅಚ್ಚಾಗಿಲ್ಲ. ಸರಿ, ಮೂಲೆಯಲ್ಲಿದ್ದ ಆನೆ ಎಲ್ಲಿ ಹೋಯಿತು? ಅದರ ನಡೆಯೂ ಅಚ್ಚಾಗಿಲ್ಲ. ಮರುನಡೆಯಲ್ಲಿ ಆನೆ ರಾಜ ಬಿಟ್ಟುಹೋದ ಮನೆಗೆ ಬರುತ್ತದೆ, ಆಚೆ ಬದಿಯಿಂದ. ನಾನು ಮೊರ ಸರಿಸಿ, ಕಾಯಿಗಳನ್ನು ಮೊದಲಿನಿಂದ ನಡೆಸಿ ನೋಡಿದೆ. ಎರಡು ಸೊನ್ನೆ ಬಂದಲ್ಲಿ ರಾಜನನ್ನು ಎರಡು ಮನೆ ಆಚೆ ಸರಿಸಿ, ಆನೆಯನ್ನು ಅವನ ಬಗಲಿಗೆ ತಂದು ಈಚೆ ಇಟ್ಟೆ. ಒಂದೇ ನಡೆಯಲ್ಲಿ ಇಬ್ಬರೂ. ಬಿಳಿಯದಕ್ಕೂ ಹಾಗೇ ಮಾಡಿದೆ. ಹನ್ನೊಂದನೆಯ ಪ್ಯಾದೆ ಎದುರಿಗೆ ಯಾರೂ ಇಲ್ಲದ ದಾರಿಯಲ್ಲಿ ಹೋಗಿ ನಿಂತಿತು. ನಲವತ್ತರವರೆಗೂ ಎಲ್ಲಿಯೂ ಸಿಕ್ಕಿಬೀಳಲಿಲ್ಲ.

ಸಣ್ಣಜ್ಜಿ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ನನ್ನ ಪಕ್ಕದಲ್ಲೇ ಇದ್ದಳು. ಎಲ್ಲ ನೋಡಿದಳು. "ಅತ್ತಿಗೆ, ಅಣ್ಣನಿಗೆ ಹೇಳು. ಪತ್ರ ಹಾಕೂದ್ರೊಳಗೆ ಹೇಳು" ಎಂದಳು. ನೀನೇ ಹೇಳು ಎಂದೆ. ನಾನು ಬುದ್ಧಿಬಲದ ವಿಷಯ ಹೇಳಿದರೆ ಅವನು ಕೇಳುತ್ತಾನೆಯೇ, ಓದುವವಳು ನೀನು ಎಂದಳು.

ಅವತ್ತು ಸಂಜೆ ಅವರು ಕಾಲು ತೊಳೆದು ಒಳಗೆ ಬಂದಾಗ ಹೇಳಿದೆ. ನನ್ನ ಜೀವನದಲ್ಲಿ ನಾನಾಗಿ ಅವರಿಗೆ ಹೇಳಿದ ಮಾತುಗಳು ಕಡಿಮೆ, ಅದರಲ್ಲಿ ಅದೊಂದು. ಇಪ್ಪತ್ತೊಂದನೆಯ ನಡೆ ಓದಿ ತೋರಿಸಿದೆ. ಅವರು ಚೀಟಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು. ಎರಡು ಕಾಯಿ ಒಟ್ಟಿಗೆ ನಡೆಸುವುದು ಎಲ್ಲಿಯಾದರೂ ಉಂಟೇ ಎಂದರು. ಅಡಿಗೆ ಆಗಿದೆಯೇ ಎಂದರು. ಮರುದಿನ ಪತ್ರ ಟಪಾಲಿಗೆ ಹೋಯಿತು. ಆ ನಗೆಗೂ ಮೊದಲಿನ ಬಹಳ ಹೊತ್ತನ್ನು ನಾನು ಮರೆತಿಲ್ಲ. ನೋಡುತ್ತ ನೋಡುತ್ತ ಅವರ ದವಡೆ ಜಗಿಯುವುದನ್ನು ನಿಲ್ಲಿಸಿತ್ತು.

ರವಿವಾರ ಹುಡುಗ ಸೋದರಮಾವನ ಜೊತೆ ಕುಮಟೆಯ ಬಸ್ಸಿನಲ್ಲಿ ಬಂದ. ಕಪ್ಪಗೆ, ತೆಳ್ಳಗೆ, ಇಸ್ತ್ರಿಯ ಗೆರೆ ಮಾಸದ ಅಂಗಿ. ಅವಲಕ್ಕಿ, ಬಾಳೆಹಣ್ಣಿನ ಹಲ್ವ, ಚಹಾ. ಸಣ್ಣಜ್ಜಿ ತಟ್ಟೆ ತಂದಿಟ್ಟಾಗ ಇಬ್ಬರೂ ತಲೆ ತಗ್ಗಿಸಿದರು, ಆದರೆ ಹಲ್ವ ಅವನ ತಟ್ಟೆಗೆ ಎರಡು ತುಂಡು ಹೆಚ್ಚು ಬಿದ್ದದ್ದನ್ನು ನಾನು ನೋಡಿದೆ. ಸೋದರಮಾವ, ನಮಗೆ ಎಲ್ಲ ಒಪ್ಪಿಗೆ, ನೀವು ಹೂಂ ಅನ್ನಿ ಎಂದರು. ನಿಮ್ಮ ಅಜ್ಜ, ಎರಡು ದಿವಸದಲ್ಲಿ ಪತ್ರ ಹಾಕುತ್ತೇನೆ ಎಂದರು. ದೊಡ್ಡಸ್ತಿಕೆಗೆ ಹಾಗೆ ಹೇಳುವುದು ರೂಢಿ. ಮುಖ ನೋಡಿದರೆ ಒಪ್ಪಿದ ಹಾಗೇ ಇತ್ತು.

ಬಸ್ಸಿಗೆ ಇನ್ನೂ ಒಂದೂವರೆ ತಾಸು ಇತ್ತು. ಅಷ್ಟರಲ್ಲಿ ಜವಳಿ ಅಂಗಡಿಯವರೂ ಮಾಸ್ತರರೂ ಬಂದು ಕೂತರು. ಕವಳದ ತಬಕು ಸುತ್ತು ಬಂತು. ಹುಡುಗ ಹಾಕಲಿಲ್ಲ. ಮೊರದ ಕೆಳಗೆ ಏನು ಎಂದು ಅವನು ಕೇಳಿದನೋ, ಇವರೇ ತೆಗೆದು ತೋರಿಸಿದರೋ, ಒಳಗಿದ್ದ ನನಗೆ ಗೊತ್ತಾಗಲಿಲ್ಲ. ಬುದ್ಧಿಬಲ ಬರುತ್ತದೆಯೇ ಎಂದು ಜವಳಿ ಅಂಗಡಿಯವರು ವಿಚಾರಿಸಿದ್ದು ಕೇಳಿಸಿತು. ಧಾರವಾಡದ ಹಾಸ್ಟೆಲಿನಲ್ಲಿ ಆಡುತ್ತಿದ್ದೆ, ಹೆಚ್ಚು ಬರುವುದಿಲ್ಲ ಎಂದ ಹುಡುಗ. ಹಾಗಾದರೆ ನಿಮಗೊಂದು ಮೋಸದ ಆಟ ತೋರಿಸುತ್ತೇವೆ ಎಂದು ನಿಮ್ಮ ಅಜ್ಜ ಕಾಯಿ ಜೋಡಿಸಿದರು. ನನ್ನನ್ನು ಓದಲು ಕರೆದರು. ನಾನು ಮಣೆ ಹಾಕಿಕೊಂಡು ಕೂತೆ. ಸಣ್ಣಜ್ಜಿ ನನ್ನ ಬೆನ್ನ ಹಿಂದೆ ಬಂದು ಮೊಣಕಾಲೂರಿದಳು.

ಓದಿದೆ. ಒಂದು, ಎರಡು, ಮೂರು, ನಾಲ್ಕು. ಹುಡುಗನೇ ಎರಡೂ ಕಡೆಯ ಕಾಯಿ ನಡೆಸುತ್ತಿದ್ದ. ಐದನೆಯದು ಎರಡು ಸೊನ್ನೆ ಎಂದು ನಿಲ್ಲಿಸಿದೆ. ಸಂದಿಯಿಂದ ಅವನ ಕೈ ಮಾತ್ರ ಕಾಣುತ್ತಿತ್ತು. ಆ ಕೈ ರಾಜನನ್ನು ಎರಡು ಮನೆ ಸರಿಸಿ, ಆನೆಯನ್ನು ಎತ್ತಿ ಈಚೆ ಇಟ್ಟಿತು. ನಾನು ಇಟ್ಟ ಹಾಗೆಯೇ.

ಇದೆಂತದು ಎಂದು ನಿಮ್ಮ ಅಜ್ಜ ಕೇಳಿದರು. ರಾಜನಿಗೆ ಕೋಟೆ ಕಟ್ಟುವುದು, ಇಂಗ್ಲಿಷ್ ಕ್ರಮದಲ್ಲಿ ಹೀಗೆ ಉಂಟು ಎಂದು ಅವನು ವಿವರಿಸಿದ. ಹೇಳುವಾಗ ಸ್ವಲ್ಪ ನಕ್ಕ. ಕೆಟ್ಟ ನಗೆಯಲ್ಲ. ಮದುವೆಮನೆಯಲ್ಲಿ ಸಾರು ಚೆಲ್ಲಿದಾಗ ನಕ್ಕದ್ದೂ ಅದೇ ನಗೆ ಇರಬೇಕು. ಮುಂದೆ ಓದಿ ಎಂದ. ಓದಿದೆ. ಎಂಟಕ್ಕೆ ಕರಿಯ ಕೋಟೆ. ಹನ್ನೊಂದಕ್ಕೆ ಪ್ಯಾದೆ ಎರಡು ಮನೆ ಮುಂದೆ.

ಮಾಸ್ತರರಿಗೆ ಮೊದಲು ತಿಳಿಯಿತು. ಅವರು ಹೊಟ್ಟೆ ಕುಣಿಸಿ ನಗತೊಡಗಿದರು. "ಹಂಗಾರೆ ಎಂಟು ದಿವ್ಸ ನಾವು ರಾಜನ್ನ ಅಂಗಳದಲ್ಲಿ ಕೂರ್ಸ್ಕಂಡು ಎ‌ಂತ ಮಾಡ್ತಿದ್ವೋ ಮಾರಾಯ? ಮುಂಬೈಗೆ ಪತ್ರ ಬೇರೆ ಬರ್ದಾತಲ್ಲ." ನಗುವಾಗ ಅವರ ಬಾಯಿಂದ ಕೆಂಪು ಹನಿ ಹಲಗೆಯ ಮೇಲೆ ಬಿತ್ತು.

ನಿಮ್ಮ ಅಜ್ಜನ ಕಿವಿ ಕೆಂಪಾಗಿತ್ತಂತೆ, ಅದನ್ನು ಆಮೇಲೆ ಜವಳಿ ಅಂಗಡಿಯವರ ಹೆಂಡತಿ ಹೇಳಿದ್ದು. ಅವರ ದನಿ ಮಾತ್ರ ತಣ್ಣಗಿತ್ತು. "ಒಂದ್ ಸಲಕ್ಕೆ ಒಂದ್ ಕಾಯಿ ನಡೆಸೂದು ಆಟ. ಎರಡು ನಡೆಸೂದಕ್ಕೆ ನಮ್ ಬದಿಗೆ ಕಳ್ಳಾಟ ಹೇಳ್ತ್ರು."

ಹುಡುಗನಿಗೆ ಆಗ ಗಾಳಿ ಯಾವ ಕಡೆಯದು ಎಂದು ತಿಳಿಯಿತು. ನಿಮ್ಮ ಕ್ರಮ ತಪ್ಪೆಂದು ನಾನು ಹೇಳುವುದಿಲ್ಲ, ಅದೂ ಹಳೆಯ ಆಟವೇ, ಪತ್ರಿಕೆಯವರದ್ದು ಮಾತ್ರ ಬೇರೆ ಕ್ರಮ ಎಂದು ಸಮಾಧಾನ ಹೇಳಿದ. ಸೋದರಮಾವ ಕೆಮ್ಮಿದರು. ಹುಡುಗ ಬಾಗಿಲ ಕಡೆ ತಿರುಗಿದ. "ಓದ್ತಾ ಇದ್ದೋರಿಗೆ ಇದು ಗೊತ್ತಿದ್ದಂಗೆ ಕಾಣ್ತದೆ. ಸೊನ್ನೆ ಅಂದ ಕೂಡ್ಲೆ ನಿಲ್ಸಿದ್ರು. ನಾ ಎರಡೂ ಕಾಯಿ ಇಟ್ಟ ಮೇಲೇ ಮುಂದೆ ಓದಿದ್ರು."

"ಎಂತನೆ," ಎಂದರು ನಿಮ್ಮ ಅಜ್ಜ. "ನಿಂಗೆ ಗೊತ್ತಿತ್ತನೆ?"

ಸಣ್ಣಜ್ಜಿಯ ಕೈ ನನ್ನ ಸೊಂಟದ ಸೀರೆಯನ್ನು ಬಿಗಿಯಾಗಿ ಹಿಡಿದಿತ್ತು. ಹೇಳು ಅತ್ತಿಗೆ ಎಂದು ಅವಳ ಉಸಿರು ಕಿವಿಗೆ ತಾಗಿತು. ಹೌದು, ನಾನು ನಾಲ್ಕು ದಿನದ ಹಿಂದೆಯೇ ನಿಮಗೆ ಹೇಳಿದ್ದೆನಲ್ಲ ಎಂದಿದ್ದರೆ ಸಾಕಿತ್ತು. ಅವರ ಸಿಟ್ಟು ನನ್ನ ಮೇಲೆ ತಿರುಗುತ್ತಿತ್ತು. ನಾಲ್ಕು ಜನರೆದುರು ಮಾನ ಕಳೆದವಳು ಹೆಂಡತಿ ಎಂದಾಗುತ್ತಿತ್ತು, ಒಂದು ತಿಂಗಳು ನನ್ನ ಜೊತೆ ಮಾತು ಬಿಡುತ್ತಿದ್ದರು, ಹುಡುಗ ಉಳಿಯುತ್ತಿದ್ದ. ಅಷ್ಟೂ ನನಗೆ ಆ ಗಳಿಗೆಯಲ್ಲೇ ಗೊತ್ತಿತ್ತು. ಹೊರಗೆ ಐದು ಜನ ಗಂಡಸರು ನನ್ನ ದನಿಗೆ ಕಾಯುತ್ತಿದ್ದರು. ನನ್ನ ಅಂಗೈ ಬೆವರಿ ಚೀಟಿಯ ಮಸಿ ಬೆರಳಿಗೆ ಹತ್ತಿತ್ತು.

"ನಂಗೆ ಎಂತದೂ ಗೊತ್ತಿಲ್ಲ" ಎಂದೆ.

ಸಣ್ಣಜ್ಜಿಯ ಕೈ ಬಿಟ್ಟುಹೋಯಿತು.

ಎರಡನೆಯ ದಿನ ನಿಮ್ಮ ಅಜ್ಜ ಕುಮಟೆಗೆ ಪತ್ರ ಬರೆದರು. ಜಾತಕವನ್ನು ಇನ್ನೊಬ್ಬರಿಗೆ ತೋರಿಸಲಾಗಿ ಕೂಡುವುದಿಲ್ಲವೆಂದು ತಿಳಿದುಬಂದಿದೆ, ಕ್ಷಮಿಸಬೇಕು ಎಂದು. ಇನ್ನೊಬ್ಬರು ಎಂಬವರು ಇರಲೇ ಇಲ್ಲ. ಮನೆಯಲ್ಲಿ ಹೇಳಿದ್ದು ಬೇರೆ. ಹಿರಿಯರು ಕೂತಲ್ಲಿ ಕೈ ಹಾಕುವವನು, ನಾಳೆ ಈ ಮನೆಯ ಅಳಿಯನಾದರೆ ತಲೆ ಮೇಲೆ ಕೂರುತ್ತಾನೆ ಎಂದು. ಅವರಿಗೆ ಮೊದಲಿನಿಂದಲೂ ಒಂದು ಅಭ್ಯಾಸ, ಕನ್ನಡದಲ್ಲಿ ಬರೆದ ಪತ್ರವನ್ನು ಟಪಾಲಿಗೆ ಹಾಕುವ ಮೊದಲು ನನ್ನಿಂದ ಗಟ್ಟಿಯಾಗಿ ಓದಿಸುವುದು, ತಪ್ಪಿದ್ದರೆ ಕಿವಿಗೆ ಹತ್ತುತ್ತದೆ ಎಂದು. ಅದನ್ನೂ ಓದಿಸಿದರು. ನಾನು ಅದೇ ಬಾಗಿಲ ಹತ್ತಿರ ನಿಂತು ಓದಿದೆ. ಒಳಗೆ ಅವಳು ಕಾಯಿ ತುರಿಯುತ್ತಿದ್ದಳು. ನಾನು ಕೂಡುವುದಿಲ್ಲ ಎಂದಾಗ ತುರಿಯುವ ಸದ್ದು ನಿಂತಿತು. ಕ್ಷಮಿಸಬೇಕು ಎಂದಾಗ ಮತ್ತೆ ಶುರುವಾಯಿತು. ಅವಳ ಮದುವೆ ಮುರಿದ ಸುದ್ದಿ ಅವಳಿಗೆ ತಿಳಿದದ್ದು ನನ್ನ ದನಿಯಿಂದ.

ತಿಂಗಳೊಳಗೆ ಮುಂಬೈಯಿಂದ ಒಂದು ಕಾರ್ಡು ಬಂತು. ಅವರು ಯಾರಿಗೂ ತೋರಿಸಲಿಲ್ಲ. ಒಗೆಯುವಾಗ ಅಂಗಿಯ ಕಿಸೆಯಲ್ಲಿ ನನಗೆ ಸಿಕ್ಕಿತು. ನನಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ನಡುವೆ ಒಂದು ಸಾಲು ನನಗೆ ಓದಲು ಬರುವ ಭಾಷೆಯಲ್ಲೇ ಇತ್ತು. ಎರಡು ಸೊನ್ನೆ, ಅದರ ಮುಂದೆ, ರಾಜ ಕುದುರೆಯ ಮನೆಗೆ, ಆನೆ ಒಂಟೆಯ ಮನೆಗೆ. ಒದ್ದೆ ಕೈಯಲ್ಲಿ ಅದನ್ನು ಮತ್ತೆ ಮತ್ತೆ ಓದಿದೆ. ಸಂಜೆ ಜಗಲಿಯ ಮೇಲೆ ಅವರು, ಪತ್ರಿಕೆಯವರು ತಪ್ಪು ಒಪ್ಪಿಕೊಂಡು ಬರೆದಿದ್ದಾರೆ ಎಂದು ಹೇಳುತ್ತಿದ್ದರು. ಅಲ್ಲಿದ್ದ ಇಬ್ಬರಿಗೂ ನಿಜ ಗೊತ್ತು. ಇಬ್ಬರೂ ಹೌದು ಹೌದು ಎಂದು ಜಗಿದರು. ಅಂಗಳದಲ್ಲಿ ನಿಂತು ಕೇಳಿದ ದಾರಿಹೋಕರು ಅದನ್ನು ಊರಿಗೆಲ್ಲ ಹಬ್ಬಿಸಿದರು. ನಿಮ್ಮ ಕಥೆ ಹುಟ್ಟಿದ್ದು ಹಾಗೆ. ಇನ್ನೂ ಸ್ವಲ್ಪ ದಿನಕ್ಕೆ ಅವರು ಸ್ವಂತ ಆಟದಲ್ಲೂ ಕೋಟೆ ಕಟ್ಟತೊಡಗಿದರು. ಹೊಸಬರು ಬಂದರೆ ರಾಜನನ್ನೂ ಆನೆಯನ್ನೂ ಸರಿಸಿ ತೋರಿಸಿ, ಇದು ನಮ್ಮ ಬದಿಯವರಿಗೆ ಗೊತ್ತಿಲ್ಲ, ನಾನು ರೂಢಿಗೆ ತಂದದ್ದು ಎನ್ನುತ್ತಿದ್ದರು. ಅವರ ಎಂಜಲು ತಟ್ಟೆಯಲ್ಲಿ ಊಟ ಮಾಡುವುದು ಆಗಿನ ಪದ್ಧತಿ. ಆ ದಿನಗಳಲ್ಲಿ ನಾನು ಅನ್ನ ಕಲಸಿ, ಬಾಯಿಗೆ ಎತ್ತಲಾಗದೆ, ಹಿತ್ತಲ ನಾಯಿಗೆ ಹಾಕಿದ್ದುಂಟು.

ಸಣ್ಣಜ್ಜಿಗೆ ಆಮೇಲೆ ಎರಡು ಸಂಬಂಧ ಬಂದವು. ಎರಡೂ ಸಲ ಅವಳು ತಟ್ಟೆ ತೆಗೆದುಕೊಂಡು ಹೊರಗೆ ಹೋಗಲು ಒಪ್ಪಲಿಲ್ಲ. ಅಣ್ಣ ಹೊಡೆಯಲು ಕೈ ಎತ್ತಿದಾಗಲೂ ಕೂತಲ್ಲಿಂದ ಏಳಲಿಲ್ಲ. ಹೊಲಿಗೆ ಕಲಿತು, ಹಿಂದಿನ ಕೋಣೆಯಲ್ಲಿ ಯಂತ್ರ ಇಟ್ಟುಕೊಂಡು, ಓಣಿಯವರ ರವಿಕೆ ಹೊಲಿಯತೊಡಗಿದಳು. ನನ್ನ ಜೊತೆ ಮಾತು ಬಿಡಲಿಲ್ಲ. ಉಪ್ಪು ಎಲ್ಲಿ, ನೀರು ಕಾಯಿತು, ಎಲ್ಲ ಹೇಳುತ್ತಿದ್ದಳು. ಬಳೆಗಾರ ಬಂದಾಗ ಮಾತ್ರ ಎದ್ದು ಬರಲಿಲ್ಲ. ನಾನೇ ಹೊರಗೆ ಹೋಗಿ ಹಸಿರು ಎಂದು ಕೇಳಬೇಕಾಯಿತು.

ಮರುವರ್ಷ ನಿಮ್ಮ ಅಮ್ಮ ಹುಟ್ಟುವ ಹೊತ್ತಿಗೆ ನಾನು ಬಾಣಂತನಕ್ಕೆ ಶಿರಾಲಿಗೆ ಹೋಗಿ ನಾಲ್ಕು ತಿಂಗಳು ಇದ್ದೆ. ಆಗ ಓದುವವರಿಲ್ಲದೆ ನಿಮ್ಮ ಅಜ್ಜ ತಂಗಿಯನ್ನು ಕರೆದರಂತೆ. ಈಗ ಹೇಗೂ ಅವಳ ದನಿ ಯಾರಿಗೆ ಕೇಳಿದರೂ ಅಡ್ಡಿಯಿಲ್ಲ ಎಂದಾಗಿತ್ತು. ಅವಳು ಚೀಟಿಯನ್ನು ಕೈಯಲ್ಲಿ ಹಿಡಿದು, ಮೇಲಿನಿಂದ ಕೆಳಗಿನವರೆಗೆ ನೋಡಿ, ವಾಪಸು ಕೊಟ್ಟು, "ನಂಗೆ ಓದೂಕೆ ಬರೂದಿಲ್ಲ" ಎಂದಳಂತೆ. ಏಳನೆಯ ಇಯತ್ತೆ ಪಾಸಾದವಳು. ಮಾಸ್ತರರೂ ಜವಳಿ ಅಂಗಡಿಯವರೂ ಎದುರಿಗೇ ಇದ್ದರು. ನಿಮ್ಮ ಅಜ್ಜ ಎರಡನೆಯ ಸಲ ಕೇಳಲಿಲ್ಲವಂತೆ. ಇದನ್ನು ಅವಳು ನನಗೆ ಹೇಳಲಿಲ್ಲ. ಹೇಳಿದ್ದು ಜವಳಿ ಅಂಗಡಿಯವರ ಹೆಂಡತಿ, ನಗುತ್ತ.

ಅವಳಿಗೆ ಹೇಳಲು ಬಂದದ್ದು ನನಗೆ ಯಾಕೆ ಬರಲಿಲ್ಲ ಎಂದು ನೀವು ಕೇಳಬಹುದು. ನಾಚಿಕೆ ಸ್ವಭಾವ ಎಂದು ನನ್ನ ಬಗ್ಗೆ ಎಲ್ಲರೂ ಮೆಚ್ಚಿ ಹೇಳುತ್ತಿದ್ದರು. ಆ ಮಾತು ಕೇಳಿದರೆ ನನಗೆ ಈಗ ಪೀಕದಾನಿಯ ವಾಸನೆ ಬರುತ್ತದೆ. ಅಜ್ಜ ಒಳ್ಳೆಯದೂ ಮಾಡಿದ್ದಾರೆ, ಅದನ್ನು ನಿಮ್ಮ ಅಮ್ಮ ಹೇಳಿದ್ದಾಳೆ, ನಾನು ಅಳಿಸುವುದಿಲ್ಲ. ಆದರೆ ಗ್ರ್ಯಾಂಡ್‌ಮಾಸ್ಟರನ ಕಥೆಯನ್ನು ಈ ಮನೆಯಲ್ಲಿ ಇನ್ನು ಹೇಳುವುದಿದ್ದರೆ ಇಷ್ಟನ್ನೂ ಸೇರಿಸಿ ಹೇಳಿ. ಸಣ್ಣಜ್ಜಿ ಯಾಕೆ ನೀವು ಹಲಗೆ ತೆಗೆದ ಕೂಡಲೇ ಎದ್ದು ಹೋಗುತ್ತಿದ್ದಳು ಎಂದು ನೀವು ಸಣ್ಣವರಿದ್ದಾಗ ನನ್ನನ್ನು ಕೇಳಿದ್ದಿರಿ. ಆಗಲೂ ನಾನು ಗೊತ್ತಿಲ್ಲ ಎಂದೇ ಹೇಳಿದ್ದೆ.

ಬಾಣಂತನ ಮುಗಿಸಿ ಹೊಳೆ ದಾಟಿ ಬಂದ ಮೊದಲ ರವಿವಾರ. ಮಗು ಮಡಿಲಲ್ಲಿ ಮಲಗಿತ್ತು. ಜಗಲಿಯ ಮೇಲೆ ಮೂವರೂ ಕೂತಿದ್ದರು. ಬಾಗಿಲ ಸಂದಿಯಿಂದ ನಿಮ್ಮ ಅಜ್ಜನ ಕೈ ಒಳಗೆ ಬಂತು, ಬೆರಳಲ್ಲಿ ಸುಣ್ಣ, ಹೊಸ ಚೀಟಿ. ಅವಳು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ನನಗೂ ಓದಲು ಬರುವುದಿಲ್ಲ ಎನ್ನಬಹುದಿತ್ತು. ನಾನು ಚೀಟಿ ತೆಗೆದುಕೊಂಡೆ. ಪಿ ಕೆ ನಾಲ್ಕು ಎಂದೆ. ಅವಳು ಒಳಗೆ ಹೋದಳು, ಹೊಲಿಗೆ ಯಂತ್ರ ಶುರುವಾಯಿತು. ಕೇಳುವುದಿಲ್ಲ, ಜೋರಾಗಿ ಓದು ಎಂದು ಹೊರಗಿನಿಂದ ಹೇಳಿದರು. ನಾನು ದನಿ ಏರಿಸಿ ಓದಿದೆ. ಮುಂದೆ ಒಂಬತ್ತು ವರ್ಷ ಹಾಗೆ ಓದಿದೆ.